ಪಾರ್ಲರ್ ಒಳಗಿನ ಮೇಕಪ್ ರೂಮಿಗೆ 14,000 ಕೇಳ್ತಿದ್ದಾರೆ, ನ್ಯಾಯವಾದ ಬಾಡಿಗೆ ಎಷ್ಟು? (ಬಳ್ಳಾರಿ)

ಬ್ರೈಡಲ್_ಬಳ್ಳಾರಿ ಕೇಳಿದ್ದು:

ಗಾಂಧಿನಗರದಲ್ಲಿ ನಡೀತಿರೋ ಒಂದು ಲೇಡೀಸ್ ಪಾರ್ಲರ್ ಒಳಗೆ ಮೇಕಪ್ ಕೆಲಸಕ್ಕೆ ರೂಮ್ ಕೇಳಿದ್ದೇನೆ. ಅಂಗಡಿ ಒಟ್ಟು 480 ಚದರ ಅಡಿ, ಮೊದಲನೇ ಮಹಡಿ. ಮೂರು ಕುರ್ಚಿ, ಒಂದು ಫೇಶಿಯಲ್ ರೂಮ್ ಇದೆ. ನನಗೆ ಸಿಗೋದು 8 ಅಡಿಗೆ 8 ಅಡಿ ರೂಮ್, ಕಿಟಕಿ ಇಲ್ಲ, 1 ಟನ್ ಎಸಿ ಇದೆ. ಕನ್ನಡಿ, ಕುರ್ಚಿ, ಲೈಟ್ ನನ್ನದೇ.

ಮಾಲಕಿ ಎರಡು ದಾರಿ ಹೇಳಿದ್ದಾರೆ. ಒಂದು, ತಿಂಗಳಿಗೆ 14,000 ಜೊತೆಗೆ ಕರೆಂಟ್ ಬಿಲ್‌ನಲ್ಲಿ ಅರ್ಧ. ಇನ್ನೊಂದು, ಬಾಡಿಗೆ ಬೇಡ, ನಾನು ಮಾಡೋ ಎಲ್ಲ ಕೆಲಸದಲ್ಲಿ ಶೇ 30 ಕೊಡಿ ಅಂತ. ಯಾವುದಾದರೂ ಸರಿ, ಮೂರು ತಿಂಗಳ ಅಡ್ವಾನ್ಸ್ ಕೊಡಬೇಕು, 11 ತಿಂಗಳು ಬಿಡೋ ಹಾಗಿಲ್ಲ.

ಸೀಸನ್ ಇರೋ ಏಳು ತಿಂಗಳಲ್ಲಿ ತಿಂಗಳಿಗೆ ಸರಾಸರಿ 8 ಮದುಮಗಳು, ಒಬ್ಬರಿಗೆ 12,000. ಅದರಲ್ಲಿ ಬಹುಪಾಲು ಕಲ್ಯಾಣ ಮಂಟಪಕ್ಕೇ ಹೋಗಿ ಮಾಡೋದು. ಪಾರ್ಟಿ ಮೇಕಪ್ 2,000ದಂತೆ ಸೀಸನ್‌ನಲ್ಲಿ ತಿಂಗಳಿಗೆ 10, ಉಳಿದ ಐದು ತಿಂಗಳು 6. ಎಷ್ಟಕ್ಕೆ ಮಾತಾಡಬೇಕು, ಯಾವುದನ್ನು ಬಿಟ್ಟುಕೊಡಬಾರದು ಹೇಳಿ.

ಖಾತೆ_ಕಿರ್ದಿ:

ಊರಲ್ಲಿ ನಾಲ್ಕು ಜನರ ಹತ್ತಿರ ರೇಟ್ ಕೇಳಿದರೆ ನಾಲ್ಕು ಉತ್ತರ ಬರುತ್ತೆ, ಯಾಕಂದ್ರೆ ಪಾರ್ಲರ್ ಒಳಗಿನ ರೂಮಿಗೆ ನಿಂತ ರೇಟ್ ಅಂತ ಇಲ್ಲ. ಕೌಲ್‌ಬಜಾರ್, ಸತ್ಯನಾರಾಯಣಪೇಟೆ, ಗಾಂಧಿನಗರ, ಒಂದೊಂದು ಕಡೆ ಅಂಗಡಿ ಬಾಡಿಗೆಯೇ ಬೇರೆ. ಆ ಪಾರ್ಲರ್‌ನ ಖರ್ಚಿನಿಂದಲೇ ಲೆಕ್ಕ ಹಿಡಿಯಿರಿ. ಅಂಗಡಿ ಬಾಡಿಗೆ, ಮೇಂಟೆನೆನ್ಸ್, ನೀರು, ಇಂಟರ್ನೆಟ್, ಹೆಲ್ಪರ್ ಸಂಬಳ, ಈ ಐದು ಅಂಕಿ ಕೇಳಿ. ಹೇಳಲ್ಲ ಅಂದರೆ ಅದೇ ಕಟ್ಟಡದ ಪಕ್ಕದ ಅಂಗಡಿಯ ಬಾಡಿಗೆ ವಿಚಾರಿಸಿ ಅಂದಾಜು ಹಾಕಿ.

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳೋಣ: ಬಾಡಿಗೆ 24,000, ಮೇಂಟೆನೆನ್ಸ್ 1,000, ಟ್ಯಾಂಕರ್ ಸೇರಿ ನೀರು 1,200, ಇಂಟರ್ನೆಟ್ 800, ಹೆಲ್ಪರ್ 9,000. ಒಟ್ಟು 36,000. ಕರೆಂಟ್ ಇದರಲ್ಲಿ ಸೇರಿಸಬೇಡಿ, ಅದು ಬೇರೆ.

ಈಗ ಜಾಗದ ಪಾಲು. 480ರಲ್ಲಿ 64 ಅಂದರೆ ಶೇ 13, ಹಾಗಾಗಿ 4,800 ಸಾಕು ಅಂತ ವಾದ ಮಾಡಿದರೆ ನಿಲ್ಲಲ್ಲ. ರಿಸೆಪ್ಷನ್, ಓಡಾಡೋ ಜಾಗ, ಟಾಯ್ಲೆಟ್, ಸ್ಟೋರ್ ಎಲ್ಲ ನಿಮ್ಮ ಗ್ರಾಹಕರೂ ಬಳಸ್ತಾರೆ. ದುಡಿಯೋ ಜಾಗ ಎಷ್ಟು ಅಂತ ಅಳೆಯಿರಿ. ಮೂರು ಕುರ್ಚಿಗೆ 40ರಂತೆ 120, ಫೇಶಿಯಲ್ ರೂಮ್ 80, ನಿಮ್ಮ ರೂಮ್ 64, ಸೇರಿ 264. ಉಳಿದ 216 ಎಲ್ಲರಿಗೂ ಸೇರಿದ್ದು, ಅದು ಇದೇ ಪ್ರಮಾಣದಲ್ಲಿ ಹಂಚಿಹೋಗುತ್ತೆ. 264ರಲ್ಲಿ 64 ಅಂದರೆ ಶೇ 24.2. ಹೆಲ್ಪರ್ ಸೇರಿಸಿದರೆ ನಿಮ್ಮ ಪಾಲು ಸುಮಾರು 8,730. ಹೆಲ್ಪರ್ ನಿಮ್ಮ ಕೆಲಸಕ್ಕೆ ಕೈ ಹಾಕಲ್ಲ ಅಂದರೆ 27,000ದ ಮೇಲೆ ಲೆಕ್ಕ, 6,545. ಮಾಲಕಿಗೆ ಶೇ 15 ಲಾಭ ಸೇರಿಸಿ: ಹೆಲ್ಪರ್ ಇಲ್ಲದೆ 7,530, ಹೆಲ್ಪರ್ ಇದ್ದರೆ 10,040 ಹತ್ತಿರ. ಮಾತು ಈ ಎರಡು ಅಂಕಿಗಳ ನಡುವೆ ನಡೀಬೇಕು. ಖರ್ಚಿನ ನಿಜವಾದ ಅಂಕಿ ಸಿಕ್ಕ ಮೇಲೆ ಮತ್ತೆ ಹಾಕಿ ನೋಡಿ, ಲೆಕ್ಕದ ದಾರಿ ಇದೇ.

ಶೇ 30ರ ದಾರಿ ನಿಮ್ಮಂಥವರಿಗೆ ಬಲು ದುಬಾರಿ. ಸೀಸನ್ ತಿಂಗಳಲ್ಲಿ ಮದುಮಗಳದ್ದು 96,000, ಪಾರ್ಟಿಯದ್ದು 20,000, ಒಟ್ಟು 1,16,000. ಅದರ ಶೇ 30 ಅಂದರೆ 34,800. ಇಡೀ ಅಂಗಡಿಯ ಬಾಡಿಗೆಗಿಂತ ಜಾಸ್ತಿ! ಮಂಟಪದಲ್ಲಿ ಮಾಡೋ ಕೆಲಸಕ್ಕೆ ಪಾರ್ಲರ್‌ನ ಜಾಗವೂ ಇಲ್ಲ, ಕರೆಂಟೂ ಇಲ್ಲ, ಅವರ ಜನವೂ ಇಲ್ಲ. ಪಾಲು ಕೊಡಲೇಬೇಕು ಅಂದರೆ "ಈ ರೂಮಿನಲ್ಲಿ ಮಾಡಿದ ಕೆಲಸಕ್ಕೆ ಮಾತ್ರ" ಅನ್ನೋ ಮಾತು ಬರಹದಲ್ಲಿ ಇರಲಿ. ಆಗ ಸೀಸನ್‌ನಲ್ಲಿ 20,000ಕ್ಕೆ 6,000, ಉಳಿದ ತಿಂಗಳು 12,000ಕ್ಕೆ 3,600 ಆಗುತ್ತೆ. ರೂಮಿಗೇ ಬರೋ ಮದುಮಗಳು ಇದ್ದರೆ ಅದರ ಮೇಲೆ ಸೇರುತ್ತೆ.

ಫಿಕ್ಸ್ ಬಾಡಿಗೆಯಲ್ಲಿ ತೊಂದರೆ ಇರೋದು ಖಾಲಿ ತಿಂಗಳಿನದ್ದು. ವರ್ಷದ ಗಳಿಕೆ 8,72,000 ಅಂತ ಬರುತ್ತೆ. 14,000ದಂತೆ ಬಾಡಿಗೆ 1,68,000, ಅಂದರೆ ಶೇ 19. ಕಾಗದದ ಮೇಲೆ ತಡೆದುಕೊಳ್ಳಬಹುದು ಅನ್ನಿಸುತ್ತೆ. ಆದರೆ ಖಾಲಿ ತಿಂಗಳಲ್ಲಿ ಬರೋದು 12,000, ಕೊಡೋದು 14,000. ಅಲ್ಲಿಗೆ ಕೈಯಿಂದ ಹಾಕೋದು ಶುರು. ಅದಕ್ಕೆ ಎರಡು ದರ ಕೇಳಿ: ಸೀಸನ್‌ನ ಏಳು ತಿಂಗಳು 10,000, ಉಳಿದ ಐದು ತಿಂಗಳು 5,000. ವರ್ಷಕ್ಕೆ 95,000. ಮೇಲಿನ 7,530ರ ಲೆಕ್ಕದಲ್ಲಿ ಮಾಲಕಿಗೆ ಬರೋದು 90,000 ಚಿಲ್ಲರೆ. ಅವರ ಖರ್ಚು, ಲಾಭ ಎರಡೂ ಹುಟ್ಟಿ ಮೇಲೆ ಇನ್ನೂ ಸ್ವಲ್ಪ ಉಳಿಯುತ್ತೆ ಅಂತ ಕಾಗದದಲ್ಲಿ ಬರೆದೇ ತೋರಿಸಿ.

ಸೀಸನ್ ಅಂತ ಬರೀ ಮಾತಿನಲ್ಲಿ ಬಿಡಬೇಡಿ. ಲಗ್ನ ನಡೆಯದ ಆಷಾಢ, ಪಿತೃಪಕ್ಷ, ಧನುರ್ಮಾಸ ಇಂಗ್ಲಿಷ್ ತಿಂಗಳಿನ ಗೆರೆಗೆ ಕೂಡಲ್ಲ, ಅಧಿಕ ಮಾಸವೂ ಮೂಢವೂ (ಗುರು, ಶುಕ್ರ ಅಸ್ತವಾಗಿರೋ ದಿನಗಳು) ವರ್ಷ ವರ್ಷ ಬದಲಾಗ್ತವೆ. 2026ರಲ್ಲಿ ಅಧಿಕ ಜ್ಯೇಷ್ಠ ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ, ಬೇಸಿಗೆ ಲಗ್ನಗಳ ನಟ್ಟನಡುವೆ ಬೀಳುತ್ತೆ. ಪಂಚಾಂಗ ಮುಂದಿಟ್ಟುಕೊಂಡು ಯಾವ ಇಂಗ್ಲಿಷ್ ತಿಂಗಳಿಗೆ ಯಾವ ದರ ಅಂತ ಹನ್ನೊಂದು ತಿಂಗಳದ್ದೂ ಬರೆಸಿ. ನಿಕಾಹ್ ಕೆಲಸವನ್ನೂ ಹಿಡಿದರೆ ಆಷಾಢ ಅಷ್ಟು ಖಾಲಿ ಹೋಗಲ್ಲ, ಅಲ್ಲಿ ಕೆಲಸ ತಗ್ಗೋದು ರಂಜಾನ್ ಮತ್ತು ಮೊಹರಂನಲ್ಲಿ.

ಕೊಪ್ಪಳ_ಪಾರ್ಲರ್:

ಲೆಕ್ಕ ಛಲೋ ಅದ, ಆದ್ರ ಶೇ 15 ಲಾಭ ಅಂದ್ರ ಯಾವ ಮಾಲಕಿನೂ ಒಪ್ಪೂದಿಲ್ರಿ. ಅಂಗಡಿ ಹಿಡಿಯೂಮುಂದ ಕಟ್ಟಡದವ್ರಿಗೆ ಕೊಟ್ಟ ಅಡ್ವಾನ್ಸ್, ಪಾರ್ಟಿಷನ್, ಫಾಲ್ಸ್ ಸೀಲಿಂಗ್, ಎಸಿ, ಬೋರ್ಡು, ಇವೆಲ್ಲ ಅವರ ಕೈಯಿಂದ ಹೋಗಿರ್ತಾವ. ಎಸಿ ಅವರದಾದ್ರ ಶೇ 20 ಕೊಡ್ರಿ, ಕನ್ನಡಿ ಕುರ್ಚಿನೂ ಅವರದಾದ್ರ 25 ನ್ಯಾಯ. ನಿಮ್ಮ ಲೆಕ್ಕದಾಗ ಹೆಲ್ಪರ್ ಇಲ್ಲದ 6,545ಕ್ಕ ಶೇ 20 ಸೇರಿಸಿದ್ರ 7,850 ಆಗ್ತದ. ವರ್ಷಕ್ಕ 95,000 ಅಂದ್ರ ತಿಂಗಳಿಗೆ 7,900 ಮ್ಯಾಲೆ ಬಿದ್ದಂಗಾಯ್ತು, ಅಲ್ಲಿಗೂ ಸರಿ ಹೊಂದ್ತದ.

ಖಾಲಿ ತಿಂಗಳಿಗೆ ಕಡಿಮಿ ಕೊಡ್ತೀನಿ ಅಂದ್ರ ಮಾಲಕಿ ಹೇಳೂದು ಒಂದೇ: "ಆಷಾಢದಾಗ ನನಗೂ ಗಿರಾಕಿ ಇಲ್ಲ, ಕಟ್ಟಡದವ್ರು ನನಗೇನ್ ಕಡಿಮಿ ಮಾಡ್ತಾರಾ?" ಮಾತು ಖರೇನ ಅದ. ಹಂಗಾಗಿ ಬರೀ ಕಡಿಮಿ ಕೇಳಬ್ಯಾಡ್ರಿ, ಬದಲಿಗೆ ಏನರ ಇಡ್ರಿ. ನಿಮ್ಮ ಕೈಯಾಗ ಎರಡು ಅದಾವ.

ಒಂದು, ಸೀಸನ್ ತಿಂಗಳ ಬಾಡಿಗಿ 1ನೇ ತಾರೀಖಿಗೇ ಮುಂಗಡ. ಅಂಗಡಿ ಬಾಡಿಗಿ ಕಟ್ಟೂ ಮುಂದ ರೊಕ್ಕ ಕೈಗೆ ಬಂದ್ರ ಅದರ ಬೆಲಿ ಮಾಲಕಿಗೆ ಗೊತ್ತದ.

ಎರಡನೇದು ಇನ್ನೂ ದೊಡ್ಡದು: ಮದುವಿ ಹುಡುಗಿ ಅಂದ್ರ ಒಬ್ಬಾಕಿ ಅಲ್ಲ. ಲಗ್ನಕ್ಕ ತಿಂಗಳು ಮೊದಲಿಂದ ಫೇಶಿಯಲ್, ವ್ಯಾಕ್ಸಿಂಗ್, ಪೆಡಿಕ್ಯೂರ್, ಹೇರ್ ಸ್ಪಾ. ತಾಯಿ, ಅತ್ತಿಗಿ, ಗೆಳತ್ಯಾರು ಹುಬ್ಬು ತಿದ್ದಿಸಲಿಕ್ಕ ಬರ್ತಾರ. ಆ ಎಲ್ಲ ಕೆಲಸ ಪಾರ್ಲರ್‌ದು, ನಿಮ್ದಲ್ಲ. 56 ಮದುಮಕ್ಕಳೊಳಗ 20 ಮಂದಿನ್ನ ಕಳಿಸಿದ್ರೂ, ಒಬ್ಬರ ಪ್ಯಾಕೇಜ್ 4,000 ಅಂತ ಹಿಡಿದ್ರ 80,000 ವಹಿವಾಟು. ಮೇಜಿನ ಮ್ಯಾಲೆ ಇದನ್ನ ಮೊದಲು ಇಡ್ರಿ, ಬಾಡಿಗಿ ಮಾತು ಆಮ್ಯಾಲೆ. ಕಳಿಸಿದ್ದಕ್ಕ ಕಮಿಷನ್ ಕೇಳೂದಾದ್ರ ಎರಡೂ ಕಡಿ ಒಂದೇ ದರ ಇರಲಿ: ಅವರು ನಿಮಗೆ ಗಿರಾಕಿ ಕೊಟ್ರೂ ಶೇ 10, ನೀವು ಅವರಿಗೆ ಕೊಟ್ರೂ ಶೇ 10. ವಹಿಯೊಳಗ ಅವತ್ತಿಂದು ಅವತ್ತ ಬರೀರಿ. ತಿಂಗಳ ಕೊನಿಗೆ ನೆನಪಿಲೆ ಲೆಕ್ಕ ಮಾಡಿದ್ರ ಅಲ್ಲೇ ಜಗಳ.

ಇನ್ನೊಂದು ಭಾಳ ಮಂದಿ ಮರೀತಾರ: ಕೀಲಿ. ಪಾರ್ಲರ್ ತೆರೆಯೂದು ಹತ್ತಕ್ಕ. ನಸುಕಿನ ಲಗ್ನ ಇದ್ರ ಹುಡುಗಿ ಮೂರು ನಾಲ್ಕಕ್ಕ ಕುಂದ್ರಬೇಕು. ಶಟರ್ ಯಾರು ತೆಗೀತಾರ? ಮೆಟ್ಟಿಲದಾಗ ಲೈಟ್ ಇರ್ತದೋ ಇಲ್ಲೋ? ಕಟ್ಟಡದ ಗೇಟಿಗೆ ಬ್ಯಾರೆ ಕೀಲಿ ಅದನೋ? ತೆಗಿಯೂದಿಲ್ಲ ಅಂದ್ರ ನಿಮ್ಮ ದೊಡ್ಡ ಕೆಲಸಕ್ಕ ಆ ರೂಮ್ ಬರೂದೇ ಇಲ್ಲ, ಬರೀ ಪಾರ್ಟಿ ಮೇಕಪ್‌ನ ಬೆಲಿ ಅಷ್ಟೇ ಅದಕ್ಕ. ಹಂಗಿದ್ರ 7,000 ಮ್ಯಾಲೆ ಏರಬ್ಯಾಡ್ರಿ.

ಬ್ರೈಡಲ್_ಬಳ್ಳಾರಿ:

ತುಂಬ ಉಪಯೋಗ ಆಯ್ತು. ಎರಡು ವಿಷಯ ಇನ್ನೂ ಇದೆ. ಕಟ್ಟಡದ ಯಜಮಾನರಿಗೆ ಹೇಳೋ ಅಗತ್ಯ ಇಲ್ಲ, ನಮ್ಮಿಬ್ಬರ ನಡುವೆ ಬಾಯಿಮಾತು ಸಾಕು ಅಂತ ಮಾಲಕಿ ಹೇಳ್ತಾರೆ. ಇನ್ನು ಗ್ರಾಹಕರ ದುಡ್ಡೆಲ್ಲ ಕೌಂಟರ್‌ನ ಕ್ಯೂಆರ್‌ಗೇ ಹಾಕಿಸಿ, ತಿಂಗಳ ಕೊನೆಗೆ ಬಾಡಿಗೆ ಹಿಡಿದು ಉಳಿದದ್ದು ಕೊಡ್ತೀನಿ ಅಂತಾರೆ. ಒಪ್ಪಬಹುದಾ?

ಕರಾರು_ಕಾಗದ:

ಎರಡಕ್ಕೂ ಬೇಡ ಅನ್ನಿ.

ಮಾಲಕಿ ಸ್ವತಃ ಬಾಡಿಗೆದಾರರು. ಅವರ ಮತ್ತು ಕಟ್ಟಡದ ಯಜಮಾನರ ಕರಾರನ್ನು ಕೇಳಿ ಓದಿ, ಎರಡು ಸಾಲು ಹುಡುಕಿ. ಒಳಬಾಡಿಗೆ ಕೊಡಬಾರದು ಅನ್ನೋ ಷರತ್ತು ಇದೆಯಾ? ಅವಧಿ ಯಾವಾಗ ಮುಗಿಯುತ್ತೆ? ಮೊದಲನೆಯದು ಅಂಗಡಿ ಕರಾರುಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತೆ. ಅದನ್ನು ಮೀರಿದರೆ ಯಜಮಾನರು ಮಾಲಕಿಯನ್ನೇ ಖಾಲಿ ಮಾಡಿಸೋಕೆ ದಾರಿ ಆಗುತ್ತೆ, ಜೊತೆಗೆ ನೀವೂ ಹೊರಗೆ. ಎರಡನೆಯದನ್ನು ಯಾರೂ ನೋಡಲ್ಲ: ಅವರ ಅವಧಿ ನಾಲ್ಕು ತಿಂಗಳಲ್ಲಿ ಮುಗಿಯೋದಿದ್ದರೆ ನಿಮಗೆ ಹನ್ನೊಂದು ತಿಂಗಳು ಕೊಡ್ತೀನಿ ಅನ್ನೋ ಮಾತಿಗೆ ಬಲ ಎಲ್ಲಿಂದ ಬರಬೇಕು? ಯಜಮಾನರಿಂದ "ನನ್ನ ಅಭ್ಯಂತರ ಇಲ್ಲ" ಅಂತ ಒಂದು ಸಹಿ ಹಾಕಿಸಿಕೊಳ್ಳಿ.

ಯಜಮಾನರ ಭಯ ಏನಂದರೆ ನೀವು ಮುಂದೆ ಬಾಡಿಗೆದಾರರ ಹಕ್ಕು ಹೇಳಿಕೊಂಡು ಕೂರ್ತೀರಿ ಅಂತ. ಅದಕ್ಕೆ ಇದನ್ನು ಬಾಡಿಗೆ ಕರಾರು ಅಂತ ಮಾಡದೆ ಜಾಗ ಬಳಸೋ ಅನುಮತಿ, ಅಂದರೆ ಲೈಸೆನ್ಸ್ ಕರಾರು ಅಂತ ಮಾಡಬಹುದು. 1882ರ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೆ ಆಧಾರ. ಆ ಕಾಯ್ದೆ ಮೊದಲು ಜಾರಿಯಾಗಿದ್ದೇ ಮದ್ರಾಸ್ ಪ್ರಾಂತ್ಯ ಮತ್ತು ಇನ್ನೆರಡು ಕಡೆ, ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು, ಹಾಗಾಗಿ ಇಲ್ಲಿಗೆ ಅದು ಹೊಸದಲ್ಲ. ಆದರೆ ತಲೆಬರಹದಲ್ಲಿ ಲೈಸೆನ್ಸ್ ಅಂತ ಬರೆದರೆ ಸಾಲದು. ಅಸೋಸಿಯೇಟೆಡ್ ಹೋಟೆಲ್ಸ್ ವಿರುದ್ಧ ಕಪೂರ್ ಪ್ರಕರಣದಲ್ಲಿ 1959ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದು, ಹೆಸರಿಗಿಂತ ಕರಾರಿನ ಒಳಗಿನ ಉದ್ದೇಶವನ್ನು ನೋಡಬೇಕು ಅಂತ. ಅಂಗಡಿಯ ಸ್ವಾಧೀನ ಮಾಲಕಿಯ ಹತ್ತಿರವೇ ಇದೆ, ನಿಮಗೆ ಇಂಥ ಹೊತ್ತಿನಲ್ಲಿ ಇಂಥ ಕೆಲಸಕ್ಕೆ ರೂಮ್ ಬಳಸೋ ಅನುಮತಿ ಇದೆ ಅಂತ ಒಳಗೆ ಬರಬೇಕು. ನಸುಕಿನ ಕೆಲಸಕ್ಕೆ ಎರಡನೇ ಕೀಲಿ ಕೊಡೋದಾದರೆ ಅದನ್ನೂ ಅನುಮತಿಯ ಭಾಗ ಅಂತಲೇ ಬರೆಯಿರಿ.

ಇದರಲ್ಲಿ ನಿಮಗೊಂದು ನಷ್ಟ ಇದೆ, ತಿಳಿದುಕೊಂಡೇ ಸಹಿ ಹಾಕಿ. ಲೈಸೆನ್ಸನ್ನು ಕೊಟ್ಟವರು ಸಾಮಾನ್ಯವಾಗಿ ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಹಾಗಾಗಿ ನೋಟಿಸ್ ಷರತ್ತೇ ನಿಮ್ಮ ರಕ್ಷಣೆ. ಎರಡೂ ಕಡೆಗೆ 30 ದಿನ, ಸೀಸನ್ ತಿಂಗಳಲ್ಲಿ ಮಾಲಕಿ ಕಡೆಯಿಂದ 60 ದಿನ ಕೇಳಿ, ಯಾಕಂದರೆ ನಿಮ್ಮ ಬುಕಿಂಗ್ ಮೊದಲೇ ಆಗಿರುತ್ತೆ. ಹನ್ನೊಂದು ತಿಂಗಳು ಬಿಡೋ ಹಾಗಿಲ್ಲ ಅನ್ನೋದನ್ನು ಮೂರು ತಿಂಗಳಿಗೆ ಇಳಿಸಿ. ಬಿಡೋ ಹಾಗಿಲ್ಲ ಅನ್ನೋದು ನಿಮ್ಮೊಬ್ಬರಿಗೇ ಇರಬಾರದು, ಆ ಮೂರು ತಿಂಗಳು ಅವರೂ ಬಿಡಿಸಬಾರದು. ಅಡ್ವಾನ್ಸ್ ಎರಡು ತಿಂಗಳದ್ದು ಸಾಕು. ಬಿಟ್ಟ 15 ದಿನದಲ್ಲಿ ವಾಪಸ್, ಬಾಕಿ ಕರೆಂಟ್ ಮತ್ತು ಒಡೆದ ವಸ್ತು ಬಿಟ್ಟು ಇನ್ನೇನೂ ಹಿಡಿಯಬಾರದು ಅಂತ ಬರೆಸಿ. ನೀವು ತಂದ ಕನ್ನಡಿ, ಕುರ್ಚಿ, ಲೈಟ್, ರ್‍ಯಾಕ್ ಪಟ್ಟಿಯನ್ನು ಫೋಟೋ ಸಮೇತ ಕರಾರಿಗೆ ಸೇರಿಸಿ. ಗೋಡೆಗೆ ಸ್ಕ್ರೂ ಹೊಡೆದ ಕನ್ನಡಿ ಬಿಡುವಾಗ ಯಾರದು ಅನ್ನೋ ಜಗಳ ಬಂದೇ ಬರುತ್ತೆ.

ಕ್ಯೂಆರ್ ವಿಷಯ. ನಿಮ್ಮ ದುಡ್ಡು ಕೌಂಟರ್‌ಗೆ ಹೋದರೆ ಅದು ಅವರ ವಹಿವಾಟಾಗಿ ಕಾಣುತ್ತೆ. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ, ನಿಮ್ಮ 8.72 ಲಕ್ಷ ಅವರ ಖಾತೆಗೆ ಸೇರಿದರೆ ಅವರೇ ಮಿತಿ ದಾಟಬಹುದು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ಎಲ್ಲರಿಗೂ ನೆನಪಿದೆ. ಮಾಲಕಿಗೆ ಇದನ್ನು ಹೇಳಿದರೆ ಅವರೇ ಹಿಂದೆ ಸರೀತಾರೆ. ನಿಮ್ಮ ಕ್ಯೂಆರ್ ನಿಮ್ಮದು, ಬಾಡಿಗೆ ಮಾತ್ರ ಬ್ಯಾಂಕ್ ಮೂಲಕ ಅವರಿಗೆ. ತಿಂಗಳ ಕೊನೆಗೆ ಹಿಡಿದು ಕೊಡೋ ಪದ್ಧತಿಯಲ್ಲಿ ನಿಮ್ಮ ಇಡೀ ತಿಂಗಳ ದುಡಿಮೆ ಅವರ ಕೈಯಲ್ಲಿ ನಿಂತಿರುತ್ತೆ.

ಅವರು ಈಗಾಗಲೇ ಜಿಎಸ್‌ಟಿಯಲ್ಲಿ ಇದ್ದರೆ ಹೇಳಿದ ಬಾಡಿಗೆ ತೆರಿಗೆ ಸೇರಿಯೋ ಹೊರತೋ ಕೇಳಿ. ವ್ಯಾಪಾರದ ಜಾಗದ ಬಾಡಿಗೆಗೆ ಶೇ 18, 10,000 ಅಂದದ್ದು 11,800 ಆಗುತ್ತೆ. ಸಲೂನ್ ಸೇವೆಗೆ 2025ರ ಸೆಪ್ಟೆಂಬರ್ 22ರಿಂದ ಶೇ 5, ಆದರೆ ಇನ್‌ಪುಟ್ ಕ್ರೆಡಿಟ್ (ಖರ್ಚಿನ ಮೇಲೆ ಕಟ್ಟಿದ ತೆರಿಗೆಯನ್ನು ಮುರಿದುಕೊಳ್ಳೋದು) ಇಲ್ಲ. ಅಂದರೆ ನೀವು ಮುಂದೆ ನೋಂದಣಿ ಮಾಡಿಸಿದರೂ ಆ 1,800 ವಾಪಸ್ ಬರಲ್ಲ, ಪೂರ್ತಿ ಖರ್ಚೇ.

ಗ್ರಾಹಕರ ಫೋನ್ ನಂಬರ್ ಪಟ್ಟಿ ಯಾರದು ಅನ್ನೋದಕ್ಕೂ ಒಂದು ಸಾಲು ಬೇಕು. ನಿಮಗೆ ನೇರ ಬುಕ್ ಮಾಡಿದವರು ನಿಮ್ಮವರು, ಪಾರ್ಲರ್‌ಗೆ ನಡೆದು ಬಂದವರು ಅವರವರು.

ವೈರ್_ಮತ್ತು_ಲೈಟ್:

ಕರೆಂಟ್ ಬಗ್ಗೆ. ಅರ್ಧ ಬಿಲ್ ಒಪ್ಪಲೇಬೇಡಿ. ಅಂಗಡಿಯಲ್ಲಿ ಗೀಸರ್, ಮೂರು ಕುರ್ಚಿಯ ಡ್ರೈಯರ್, ಸ್ಟೀಮರ್, ಹೊರಗಿನ ಎಸಿ ಎಲ್ಲ ಓಡ್ತಿರುತ್ತೆ. ನಿಮ್ಮ 1 ಟನ್ ಎಸಿ ನಮ್ಮ ಬೇಸಿಗೆಯಲ್ಲಿ ಗಂಟೆಗೆ ಹೆಚ್ಚೂಕಡಿಮೆ 1 ಯೂನಿಟ್ ಎಳೆಯುತ್ತೆ. ತಿಂಗಳಿಗೆ 15 ದಿನ, ದಿನಕ್ಕೆ 5 ಗಂಟೆ ಅಂದರೆ 75 ಯೂನಿಟ್. ಲೈಟು 100 ವಾಟ್‌ಗೆ 7–8, ಡ್ರೈಯರ್ 1,500 ವಾಟಿನದು ದಿನಕ್ಕೆ ಅರ್ಧ ಗಂಟೆಗೆ 11. ಒಟ್ಟು ಸುಮಾರು 95. ಯೂನಿಟ್ ದರ ಅಂತ ಬಿಲ್‌ನಲ್ಲಿ ಅಚ್ಚಾಗಿರೋದನ್ನು ಹಿಡಿಯಬೇಡಿ, ಅದರ ಮೇಲೆ ನಿಗದಿತ ಶುಲ್ಕ, ತೆರಿಗೆ ಎಲ್ಲ ಇರುತ್ತೆ. ಜೆಸ್ಕಾಂ ಬಿಲ್‌ನ ಒಟ್ಟು ಹಣವನ್ನು ಒಟ್ಟು ಯೂನಿಟ್‌ನಿಂದ ಭಾಗಿಸಿ. 720 ಯೂನಿಟ್‌ಗೆ 7,200 ಬಂದಿದ್ದರೆ 10 ರೂಪಾಯಿ. ನಿಮ್ಮದು 950, ಅರ್ಧ ಬಿಲ್ ಆದರೆ 3,600. ರೂಮಿನ ಲೈನಿಗೆ ಒಂದು ಸಬ್ ಮೀಟರ್ ಹಾಕಿಸಿ, ಪ್ರತಿ ತಿಂಗಳು ಮುಖ್ಯ ಮೀಟರ್ ಓದೋ ದಿನವೇ ಎರಡರ ಫೋಟೋವನ್ನೂ ಮಾಲಕಿಗೆ ಕಳಿಸಿ.

ಬಿಲ್ ಕೈಯಲ್ಲಿರುವಾಗಲೇ ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ನೋಡಿ. 3 ಕಿಲೋವಾಟ್ ಇದ್ದು, ಎರಡು ಎಸಿ, ಗೀಸರ್, ಎರಡು ಡ್ರೈಯರ್ ಒಟ್ಟಿಗೆ ಓಡಿದರೆ ಲೋಡ್ ಮೀರುತ್ತೆ, ದಂಡ ಬಿಲ್‌ನಲ್ಲಿ ಬರುತ್ತೆ, ಅದು ನೀವು ಬಂದ ಮೇಲೆ ಬಂದದ್ದು ಅಂತ ನಿಮ್ಮ ತಲೆಗೇ ಕಟ್ತಾರೆ. ಲೋಡ್ ಹೆಚ್ಚಿಸೋ ಖರ್ಚು ಮಾಲಕಿಯದು ಅಂತ ಮೊದಲೇ ಮಾತಾಡಿ. ರೂಮಿನ ಸಾಕೆಟ್ 6 ಆಂಪಿಯರ್‌ದು ಮಾತ್ರ ಇದ್ದರೆ ಡ್ರೈಯರ್ ಹಾಕಬೇಡಿ. 1,500 ವಾಟ್ ಅಂದರೆ 6.5 ಆಂಪಿಯರ್, ಪ್ಲಗ್ ಕಾದು ಕರಗಬಹುದು. 16 ಆಂಪಿಯರ್ ಪಾಯಿಂಟ್ ಹಾಕಿಸಿಕೊಡೋದನ್ನೂ ಕೇಳಿ.

ಬಾಡಿಗೆ ಇಳಿಸೋಕೆ ಇನ್ನೊಂದು ಆಧಾರ ಆ ರೂಮೇ. ಪಾರ್ಟಿಷನ್ ಸೀಲಿಂಗ್ ಮುಟ್ಟುತ್ತಾ ನೋಡಿ. ಮೇಲೆ ಒಂದಡಿ ಬಿಟ್ಟಿದ್ದರೆ ಎಸಿ ಗಾಳಿಯೆಲ್ಲ ಹೊರಗೆ ಹೋಗುತ್ತೆ, ಹೊರಗಿಂದ ಕೂದಲು ನಯ ಮಾಡೋ ಕೆರಾಟಿನ್ ಕೆಲಸದ ಹೊಗೆಯೂ ಕೂದಲಿನ ಚೂರೂ ಒಳಗೆ ಬರುತ್ತೆ. ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಮೇಕಪ್‌ನ ಬೇಸ್ ಕೂರಲ್ಲ. ಮಧ್ಯಾಹ್ನ ಮೂರಕ್ಕೆ ಹೋಗಿ ಎಸಿ ಹಾಕಿ 20 ನಿಮಿಷ ಬಾಗಿಲು ಮುಚ್ಚಿ ಕೂತು ನೋಡಿ, ಬೆಳಿಗ್ಗೆ ನೋಡಿದರೆ ಏನೂ ಗೊತ್ತಾಗಲ್ಲ. ಗೋಡೆ ಗುಲಾಬಿ ಬಣ್ಣದ್ದಾದರೆ ಆ ಬಣ್ಣ ಮುಖದ ಮೇಲೆ ಬಿದ್ದು ಫೌಂಡೇಶನ್ ಶೇಡ್ ತಪ್ಪುತ್ತೆ, ಬಿಳಿ ಅಥವಾ ತಿಳಿ ಬೂದು ಬಳಿಸಿಕೊಡಿ ಅನ್ನಿ. ಕಿಟಕಿ ಇಲ್ಲ ಅಂದಮೇಲೆ ಲೈಟೇ ಎಲ್ಲ. ಕನ್ನಡಿಯ ಎರಡೂ ಬದಿ ಮುಖದ ಎತ್ತರಕ್ಕೆ, 5000ರಿಂದ 5600 ಕೆಲ್ವಿನ್, ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋ ಅಳತೆ) 90ಕ್ಕಿಂತ ಮೇಲೆ. ಮೇಲಿಂದ ಮಾತ್ರ ಬೆಳಕು ಬಿದ್ದರೆ ಕಣ್ಣಿನ ಕೆಳಗೆ ನೆರಳು ಕೂತು ಕನ್ಸೀಲರ್ ಜಾಸ್ತಿ ಹಾಕಿಬಿಡ್ತೀರಿ.

ಪಾರ್ಟಿಷನ್, ಪಾಯಿಂಟ್, ಬಣ್ಣ, ಇವನ್ನು ನೀವೇ ಮಾಡಿಸೋದಾದರೆ ಖರ್ಚನ್ನು ಮೊದಲ ತಿಂಗಳುಗಳ ಬಾಡಿಗೆಯಲ್ಲಿ ಹಿಡಿಯಬೇಕು. ಬಿಟ್ಟು ಹೋಗುವಾಗ ಪ್ಲೈವುಡ್ ಹೊತ್ತುಕೊಂಡು ಹೋಗೋಕಾಗಲ್ಲ.

ಖಾತೆ_ಕಿರ್ದಿ:

ಕೊಪ್ಪಳದವರು ಹೇಳಿದ ಶೇ 20 ಒಪ್ಪುತ್ತೇನೆ, ಎಸಿ ಮಾಲಕಿಯದು ಅನ್ನೋದನ್ನು ಲೆಕ್ಕಕ್ಕೆ ತಗೊಂಡಿರಲಿಲ್ಲ.

ಎರಡು ದರದ ಮಾತಿಗೆ ಮಾಲಕಿ ಒಪ್ಪದೇ ಹೋದರೆ ದಿನದ ಬಾಡಿಗೆ ಕೇಳಿ. 10,000ವನ್ನು 26 ದಿನಕ್ಕೆ ಭಾಗಿಸಿದರೆ 385 ಬರುತ್ತೆ, ಆದರೆ ಆ ದರಕ್ಕೆ ಯಾರೂ ಕೊಡಲ್ಲ, ಉಳಿದ ದಿನ ರೂಮ್ ಖಾಲಿ ಬೀಳೋ ನಷ್ಟ ಅವರದಾಗುತ್ತೆ. ಸುಮಾರು ಮೂರನೇ ಒಂದು ಭಾಗ ಮೇಲೆ ಹಾಕಿ 500 ಅನ್ನಿ, 550ರವರೆಗೆ ಹೋಗಬಹುದು. ಖಾಲಿ ತಿಂಗಳಲ್ಲಿ 6 ದಿನ ಬಳಸಿದರೆ 3,000. ಸೀಸನ್‌ನಲ್ಲಿ 15 ದಿನಕ್ಕೆ 7,500. ಒಂದೇ ಷರತ್ತು, ಮುಹೂರ್ತದ ದಿನ ರೂಮ್ ಇನ್ನೊಬ್ಬರಿಗೆ ಕೊಡಬಾರದು. ಆ ದಿನಗಳ ಪಟ್ಟಿಯನ್ನು ತಿಂಗಳು ಮೊದಲೇ ವಾಟ್ಸಾಪ್‌ನಲ್ಲಿ ಕಳಿಸಿ ಅವರಿಂದ ಸರಿ ಅನ್ನಿಸಿಕೊಳ್ಳಿ.

ಕೊಪ್ಪಳ_ಪಾರ್ಲರ್:

ದಿನದ ಲೆಕ್ಕಕ್ಕ ಹೋದ್ರ ಸಾಮಾನು ಎಲ್ಲಿ ಇಡ್ತೀರಿ ಅದನ್ನೂ ಕೇಳ್ರಿ. ಕೀಲಿ ಇರೂ ಒಂದು ಕಪಾಟು ರೂಮಿನಾಗ ಬೇಕೇ ಬೇಕು, ತಿಂಗಳಿಗೆ ಅದಕ್ಕ 300–400 ಬ್ಯಾರೆ ಕೊಟ್ರೂ ಅಡ್ಡಿಯಿಲ್ಲ. ಉಳಿದ ದಿನ ಮತ್ತೊಬ್ಬರು ಬಳಸೂ ರೂಮಿನಾಗ ಬ್ರಷ್, ಪ್ಯಾಲೆಟ್ ತೆರೆದು ಇಟ್ರ ಯಾರರ ಕೈ ಹಾಕೇ ಹಾಕ್ತಾರ. ಹುಡುಗಿ ಮುಖದ ಮ್ಯಾಲೆ ಗುಳ್ಳಿ ಎದ್ರ ಹೆಸರು ನಿಮ್ದೇ ಹೋಗ್ತದ.